ಪುಸ್ತಕದಲ್ಲಿಲ್ಲದ ಕವಲು

ಬೆಳಗಿನ ಐದೂಮುಕ್ಕಾಲು. ವೈದ್ಯಕೀಯ ಕಾಲೇಜಿನ ಶವಛೇದನ ಕೊಠಡಿಯ ಬೀಗ ತೆಗೆಯುವಷ್ಟರಲ್ಲೇ ಶಸ್ತ್ರವೈದ್ಯೆ ಬಾಗಿಲಲ್ಲಿ ನಿಂತಿದ್ದಾರೆ. ಒಂಬತ್ತಕ್ಕೆ ಅವರು ಒಬ್ಬ ಶಾಲಾ ಶಿಕ್ಷಕಿಯ ದವಡೆ ಬಿಡಿಸಬೇಕು. ಅಪಘಾತದಲ್ಲಿ ಕೀಲು ಮುರಿದು, ಮೂಳೆ ಬೆಳೆದು, ಆಕೆಯ ಬಾಯಿ ಮೂರು ವರ್ಷದಿಂದ ತೆರೆದಿಲ್ಲ. ಕೊರೆಯಬೇಕಾದ ಮೂಳೆಯ ಹಿಂದೆಯೇ ದೊಡ್ಡದೊಂದು ರಕ್ತನಾಳ. ಸ್ಕ್ಯಾನಿನಲ್ಲಿ ಅದು ಮೂಳೆಗೆ ಅಂಟಿದಂತಿದೆ, ಎಲ್ಲೋ ಕವಲೊಡೆದಂತೆಯೂ ಇದೆ. ಕೈ ಜಾರಿದರೆ ಜೀವಕ್ಕೇ ಕುತ್ತು.

ಕೊಠಡಿಯ ಅಟೆಂಡರ್ ಕೈಗವಸು ಹಾಕಿಕೊಳ್ಳುತ್ತಾರೆ. ಮೂವತ್ತೊಂದು ವರ್ಷದ ಸರ್ವಿಸು, ಎಂಟನೇ ತರಗತಿಯ ಓದು. ದೇಹದಾನದಲ್ಲಿ ಬಂದ ಮುಖಗಳನ್ನು ಸೀಳಿ, ನಾಳಗಳಿಗೆ ಕೆಂಪು ಬಣ್ಣ ತುಂಬಿ, ವಿದ್ಯಾರ್ಥಿಗಳಿಗೆ ಅಣಿ ಮಾಡಿಡುವುದು ಅವರ ಕೆಲಸ. ಇಲ್ಲಿಯವರೆಗೆ ಇನ್ನೂರ ಎಂಬತ್ತಾರು ಅರ್ಧಮುಖಗಳು. ಅವುಗಳಲ್ಲಿ ನಲವತ್ತೊಂದಕ್ಕೆ ಹಳದಿ ದಾರ ಕಟ್ಟಿದ್ದಾರೆ. ದಾರವಿದ್ದರೆ, ನಾಳ ಪುಸ್ತಕ ಹೇಳಿದಂತಿಲ್ಲ ಎಂದರ್ಥ. ಒಬ್ಬರದೇ ಮುಖದಲ್ಲಿ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ ಇರುವುದೂ ಉಂಟು. ಬಸ್ಸಿನಲ್ಲೂ ಅವರ ಕಣ್ಣು ಜನರ ದವಡೆಯ ಮೇಲೇ. "ನನ್ನ ಮುಖಾನಾದ್ರೂ ಚರ್ಮದ ಮೇಲಿಂದ ನೋಡ್ರೀ" ಎಂದು ಹೆಂಡತಿ ಕಾಲೆಳೆಯುತ್ತಾರೆ.

ಈ ದಾರದ ಹಿಂದೆ ಒಂದು ತಪ್ಪಿದೆ, ಅದನ್ನವರು ಮುಚ್ಚಿಡುವುದಿಲ್ಲ. ಮೊದಲೆಲ್ಲ ಪುಸ್ತಕದ ಚಿತ್ರಕ್ಕೆ ಹೊಂದದ ಕವಲನ್ನು ಕತ್ತರಿಸಿ ಎಸೆಯುತ್ತಿದ್ದರು. ಅದಕ್ಕೆ ‘ನೀಟು ಮಾಡೋದು’ ಎಂದು ಹೆಸರು. ಹಾಗೆ ನೀಟಾದ ಮುಖದಲ್ಲೇ ಈ ವೈದ್ಯೆ ಪಾಠ ಕಲಿತರು. ಅವರ ಮೊದಲ ಶಸ್ತ್ರಚಿಕಿತ್ಸೆಯಲ್ಲಿ, ನಾಳವೇ ಇಲ್ಲವೆಂದುಕೊಂಡ ಜಾಗದಲ್ಲಿ ರಕ್ತ ಚಿಮ್ಮಿತು. ರೋಗಿ ಉಳಿದದ್ದೇ ಹೆಚ್ಚು.

"ಸತ್ತೋರ ಮೈಯಲ್ಲಿ ಕತ್ತರಿಸಿದ್ರೆ ರಕ್ತ ಬರಲ್ಲ ನೋಡಿ, ಅದಕ್ಕೇ ನನ್ ತಪ್ಪು ನಂಗೆ ಕಾಣ್ಲಿಲ್ಲ. ಮೇಡಂ ಹತ್ರ ಹೋಗಿ, ಆ ಕವಲು ಇತ್ತು, ನಾನೇ ತೆಗೆದೆ ಅಂತ ಒಪ್ಕೊಂಡೆ" ಎನ್ನುತ್ತಾರೆ ಅಟೆಂಡರ್. ವೈದ್ಯೆ ದೂರು ಕೊಡಲಿಲ್ಲ. ಅಂದಿನಿಂದ ಅನುಮಾನ ಬಂದಾಗಲೆಲ್ಲ ನಸುಕಿಗೇ ಇಲ್ಲಿ ಹಾಜರು.

ಇವತ್ತು ದಾರ ಕಟ್ಟಿದ ಆರು ಮುಖಗಳು ಹೊರಬರುತ್ತವೆ. ಐದನೆಯದು ಸ್ಕ್ಯಾನಿಗೆ ಹೋಲುತ್ತದೆ. "ಇಲ್ಲಿ ಬೆರಳಿಡಿ ಮೇಡಂ. ನಾಳ ಮೂಳೆಗೆ ಅಂಟ್ಕೊಂಡಿದೆ, ಆದ್ರೆ ಕವಲು ಒಂದು ಬೆರಳು ಕೆಳಗೇ ಒಡೆದಿದೆ. ಕೊರೆಯೋಕೆ ಮುಂಚೆ ಅಲ್ಲೇ ನಾಳ ಕಟ್ಟಿ ರಕ್ತ ನಿಲ್ಲಿಸಬಹುದಲ್ವಾ?" ವೈದ್ಯೆ ಕಣ್ಣು ಮುಚ್ಚಿಕೊಂಡು ಆ ಜಾಗವನ್ನು ಮತ್ತೆ ಮತ್ತೆ ಮುಟ್ಟುತ್ತಾರೆ.

ಒಂಬತ್ತಾಗುತ್ತದೆ, ಹನ್ನೊಂದಾಗುತ್ತದೆ, ಒಂದು ಗಂಟೆಯಾಗುತ್ತದೆ. ಅಟೆಂಡರ್ ತೊಳೆದ ತಟ್ಟೆಯನ್ನೇ ತೊಳೆಯುತ್ತಾರೆ. ಊಟದ ಡಬ್ಬಿ ಮುಚ್ಚಿದಂತೆಯೇ ಇದೆ. ಆ ಮುಖ ತಮಗೆ ಸುಳ್ಳು ಹೇಳಿದ್ದರೆ ಎಂಬ ಭಯ ಅವರನ್ನು ಕಿತ್ತು ತಿನ್ನುತ್ತಿದೆ.

ಒಂದೂಕಾಲಿಗೆ ಫೋನು. ಕವಲು ಅಲ್ಲೇ ಸಿಕ್ಕಿತು, ಕಟ್ಟಿದ್ದಾಯಿತು, ರಕ್ತ ಹೆಚ್ಚು ಹೋಗಲಿಲ್ಲ ಎನ್ನುತ್ತಾರೆ ವೈದ್ಯೆ. ಬಾಯಿ ಎಷ್ಟು ತೆರೆಯಿತೆಂದು ಇವರು ಕೇಳುತ್ತಾರೆ. ಮೂರು ಬೆರಳು ಹಿಡಿಸುವಷ್ಟು.

ಅಟೆಂಡರ್ ಸ್ಟೂಲಿನ ಮೇಲೆ ಕೂರುತ್ತಾರೆ. ಕಣ್ಣು ಒದ್ದೆಯಾಗಿದೆ.

"ಮೂರು ವರ್ಷ ಆಯ್ತಲ್ಲ," ಎನ್ನುತ್ತಾರೆ, "ಇನ್ನಾದ್ರೂ ಆ ಟೀಚರ್ರು ಬಾಯ್ತುಂಬಾ ಆಕಳಿಸ್ಲಿ."