ಮೈಸೂರಿಗೆ ಹೋಗಿ ಬಂದ ಕೊಟ್ರಮ್ಮ

ಕೊಟ್ರಮ್ಮನ ಮನೆಯ ಪಡಸಾಲೆಯಲ್ಲಿ ಈಗ ತೂಗುಹಾಕಿರುವ ಫೋಟೋ ನೋಡಿ, ಮಾತಾಡಿಸಲು ಬಂದವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಸತ್ತವರ ಫೋಟೋದಲ್ಲಿ ಯಾರೂ ಹೀಗೆ ನಗುವುದಿಲ್ಲ. ಕೂದಲು ಕೆದರಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕೊರಳು ಬರಿದಾಗಿದೆ. ಬಲ ರಟ್ಟೆಗೆ ಒಂದು ಬಿಳಿ ಬಟ್ಟೆ ಬಿಗಿದಿದೆ. ಗಾಯವಾಗಿತ್ತೇ ಎಂದು ಕೆಲವರು ಕೇಳುತ್ತಾರೆ. ಅವಳ ಗಂಡ ಪಂಚಾಕ್ಷರಪ್ಪನವರು, "ಇಲ್ಲ, ಮೈಸೂರಿಗೆ ಹೋಗಿದ್ವಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಅಷ್ಟರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೊಟ್ರಮ್ಮ ಜಗಳೂರು ಕಡೆಯ ಹುಡುಗಿ. ಮದುವೆಯಾಗಿ ಚನ್ನಗಿರಿಗೆ ಬಂದವಳು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಚಾಕ್ಷರಪ್ಪನವರದ್ದು ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಅಡಿಕೆ ತುಂಬಿದ ಚೀಲದ ಬಾಯಿ ಕಟ್ಟುವುದರಲ್ಲಿ ಅವರ ಕೈ ಪಳಗಿದ್ದು. ಕೊಟ್ರಮ್ಮ ಮನೆಯಲ್ಲಿ ಕಡಕ್ ರೊಟ್ಟಿ ತಟ್ಟಿ ಮಾರುತ್ತಿದ್ದಳು. ತಾಲ್ಲೂಕು ಕಚೇರಿಯವರಿಂದ ಹಿಡಿದು ಶಿವಮೊಗ್ಗದ ಹಾಸ್ಟೆಲ್ಲಿನ ಮಕ್ಕಳವರೆಗೆ ಅವಳ ರೊಟ್ಟಿ ಹೋಗುತ್ತಿತ್ತು. ಭತ್ತ ಬೆಳೆಯುವ ಸೀಮೆಗೆ ಬಂದು ಜೋಳದ ರೊಟ್ಟಿಯ ರುಚಿ ಹತ್ತಿಸಿದೆ ಎಂದು ಅವಳಿಗೆ ಹೆಮ್ಮೆ. ನನಗೆ ಅವಳು ಪಕ್ಕದ ಮನೆಯವಳು. ಒಂದೇ ಕಾಂಪೌಂಡು ಗೋಡೆ. ಅದರ ಮೇಲೆ ತಟ್ಟೆ ಆ ಕಡೆ ಈ ಕಡೆ ಓಡಾಡಿದ್ದೇ ನಮ್ಮ ಗೆಳೆತನ. ಶಾಲೆಯಲ್ಲಿ ಪಾಠ ಮುಗಿಸಿ ಬಂದು ನಾನು ಪುಸ್ತಕ ಹಿಡಿದು ಕೂತರೆ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಹೇಮಕ್ಕ, ಓದಿದ್ದು ಸಾಕು, ಬಾಯಾಗೆ ಹಾಕ್ಕಳಾಕೆ ಏನಾರ ಕೊಡ್ತೀನಿ ಬರ್ರಿ."

ಕೊರೊನಾ ಮುಗಿದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ದಾವಣಗೆರೆಯ ಡಾಕ್ಟರು ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡಿ ತೆಗೆಯಲೇಬೇಕು, ತಡ ಮಾಡಬಾರದು ಎಂದರು. ಕೊಟ್ರಮ್ಮ ತಲೆಯಾಡಿಸಿ ಬಂದವಳು ಮನೆ ಮುಟ್ಟಿದ ಮೇಲೆ ಒಲ್ಲೆ ಎಂದಳು. ಕಾರಣ ಹೇಳಲಿಲ್ಲ. ನ್ಯಾಮತಿಯಲ್ಲಿರುವ ಮಗಳು ಚೈತ್ರಶ್ರೀ ಫೋನಿನಲ್ಲಿ ಅತ್ತಳು. ಅವ್ವನಿಗೆ ಕತ್ತರಿ ಕಂಡರೆ ಭಯ ಎಂದು ಎಲ್ಲರೂ ತಿಳಿದರು.

ಭಯ ಕತ್ತರಿಯದ್ದಲ್ಲ. ರೊಟ್ಟಿ ಹೆಂಚಿನ ಮುಂದೆ ಕೂತು ಅವಳೇ ನನಗೆ ಹೇಳಿದಳು. ಆಸ್ಪತ್ರೆಯಲ್ಲಿ ನರ್ಸು ಅವಳ ಕೊರಳಿನ ಬೆಳ್ಳಿ ಕರಡಿಗೆ ನೋಡಿ, ಆಪರೇಷನ್ ದಿನ ಇದನ್ನೆಲ್ಲ ಬಿಚ್ಚಿ ಹೊರಗಿನವರ ಕೈಗೆ ಕೊಟ್ಟು ಬರಬೇಕು ಎಂದಿದ್ದಳಂತೆ. ಆ ಕರಡಿಗೆಯೊಳಗೆ ಇರುವುದು ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ್ದು. ಪೂಜೆಗೆ ಅಂಗೈಗೆ ತೆಗೆದುಕೊಳ್ಳುವುದು ಬಿಟ್ಟರೆ ಅದು ಅವಳ ಮೈ ಬಿಟ್ಟಿದ್ದಿಲ್ಲ.

"ಚೈತ್ರನ್ನ ಹಡಿಯಾಗ್ಲೂ ತೆಗ್ದಿಲ್ಲ ಹೇಮಕ್ಕ. ಈಗ ನನಗೆ ಎಚ್ಚರ ತಪ್ಸಿ ಒಳಗೆ ಒಯ್ತಾರೆ, ಲಿಂಗ ಹೊರಗೆ ಇರ್ತತೆ. ಹಂಗೇ ಹೋಗಿಬಿಟ್ರೆ?"

"ಡಾಕ್ಟರನ್ನ ಒಂದು ಮಾತು ಕೇಳೋಣ" ಎಂದೆ.

"ಬ್ಯಾಡ, ನಗ್ತಾರೆ."

"ನಿಮ್ಮ ಯಜಮಾನರಿಗಾದರೂ ಹೇಳು."

"ಅವರಿಗಾ? ಅವ್ರ ಲಿಂಗಾನ ದೇವರ ಗೂಡಿನಾಗೆ ಇಟ್ಟು ಅದ್ಯಾವ ಕಾಲ ಆತೋ! ಅವ್ರಿಗೇನು ತಿಳೀತತೆ ಬಿಡ್ರಿ."

ಮಾತು ಅಲ್ಲಿಗೇ ನಿಂತಿತು. ನೋವು ನಿಲ್ಲಲಿಲ್ಲ.

ಆಗ ಚೈತ್ರಶ್ರೀ ಒಂದು ಉಪಾಯ ಮಾಡಿದಳು. ಮೈಸೂರಿನಲ್ಲಿ ಎರಡು ದಿನಕ್ಕೆ ರೂಮು ಗೊತ್ತು ಮಾಡಿ ಅಪ್ಪನಿಗೆ ಹೇಳಿದಳು: "ಅಪ್ಪಾಜಿ, ಅವ್ವನ್ನ ತಿರುಗಾಡಿಸ್ಕಂಡು ಬರ್ರಿ. ಆಪರೇಷನ್ ಸುದ್ದಿ ಎತ್ತಬ್ಯಾಡ್ರಿ. ಮನಸ್ಸು ಹಗುರಾದ್ರೆ ತಾನೇ ಒಪ್ಕಂತಾಳೆ." ಮದುವೆಯಾದಂದಿನಿಂದ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಧರ್ಮಸ್ಥಳಕ್ಕೆ ಹೋದಾಗಲೂ ಟೆಂಪೋ ತುಂಬ ನೆಂಟರು. ಕೊಟ್ರಮ್ಮ ಎರಡು ದಿನಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಗೆ ತುಂಬಿಕೊಂಡಳು. "ಹೋಟ್ಲಾಗೆ ತಿನ್ನಾಕೆ ಹೋಗ್ತಿರೋದು ಕಣೆ" ಎಂದು ಪಂಚಾಕ್ಷರಪ್ಪನವರು ಬೈದರೆ, "ಹೋಟ್ಲಿನೋರಿಗೂ ಒಂದೆರಡು ಕೊಡಣ ಬಿಡ್ರಿ" ಎಂದಳು.

ಮುಂದಿನದನ್ನು ನಾನು ಕಂಡಿಲ್ಲ. ಬಂದ ಮೇಲೆ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕಡಿದು ಕಡಿದು ಹೇಳಿದ್ದು.

ಶಿವಮೊಗ್ಗದಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಮೈಸೂರಿನಲ್ಲಿ ಇಳಿದರು. ಲಾಡ್ಜಿನಲ್ಲಿ ರೂಮು ಮಧ್ಯಾಹ್ನದವರೆಗೆ ಖಾಲಿಯಾಗುವುದಿಲ್ಲ ಎಂದರು. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಕೊಟ್ರಮ್ಮ ಬಾಯಿಗೆ ನೀರೂ ಹಾಕುವವಳಲ್ಲ. ಕೆಳಗಿನ ಹೋಟೆಲಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು.

"ನೀವು ತಿಂದು ಬರ್ರಿ" ಎಂದಳು.

"ನಿನ್ನ ಬಿಟ್ಟು ತಿನ್ನಾಕೆ ಆಗ್ತತಾ?" ಎಂದ ಪಂಚಾಕ್ಷರಪ್ಪನವರು, ಅರಮನೆಯ ಬಸ್ಸು ಎಲ್ಲಿ ಸಿಗುತ್ತದೆ ಕೇಳಿ ಬರುತ್ತೇನೆಂದು ಹೋದರು. ಬಂದಾಗ ಮೀಸೆಯಲ್ಲಿ ಚಟ್ನಿ ಇತ್ತು.

"ಬಸ್ಸಿನಾಗೆ ಇಡ್ಲಿ ಕೊಡ್ತಾರೇನ್ರಿ ಇಲ್ಲಿ?" ಎಂದು ಕೊಟ್ರಮ್ಮ ಕೇಳಿದಳು.

ಕಸ ಗುಡಿಸುವ ಹೆಂಗಸು ಇದನ್ನು ಕೇಳಿ ನಕ್ಕು, ತಾವು ಕೆಲಸದವರು ಬಳಸುವ ಬಚ್ಚಲು ತೋರಿಸಿದಳು. ಅಲ್ಲಿ ಮಿಂದು, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತು ಕೊಟ್ರಮ್ಮ ಪೂಜೆ ಮುಗಿಸಿದಳು. ಆ ಹೆಂಗಸಿಗೆ ನಾಲ್ಕು ರೊಟ್ಟಿ ಹೋದವು. ಆಮೇಲೆ ಮಸಾಲೆ ದೋಸೆ. "ನಮ್ಮ ದಾವಣಗೆರೆ ಬೆಣ್ಣೆದೋಸೆ ಮುಂದೆ ಇದು ಸಂಭಾವಿತ" ಎನ್ನುವುದು ಅವಳ ತೀರ್ಪು.

ಅರಮನೆ ನೋಡಿದರು. ಅಷ್ಟು ಕಂಬಗಳನ್ನು ಒರೆಸುವವರು ಯಾರು ಎನ್ನುವುದೇ ಅವಳ ಚಿಂತೆ. ಮೃಗಾಲಯದಲ್ಲಿ ಜಿರಾಫೆಯ ಮುಂದೆ ಪಂಚಾಕ್ಷರಪ್ಪನವರು ಬಹಳ ಹೊತ್ತು ನಿಂತರು. "ಏನು ನೋಡ್ತೀರಿ?" ಎಂದರೆ, "ಇದನ್ನ ಕಟ್ಟಾಕೆ ಎಷ್ಟು ಮಾರು ಹಗ್ಗ ಬೇಕು ಅಂತ" ಎಂದರಂತೆ. ಸಂಜೆ ಅರಮನೆಯ ದೀಪ ಹತ್ತುವುದನ್ನು ಕಾಯುತ್ತ ಚುರುಮುರಿ ಕೊಂಡರು. ಕೊಟ್ರಮ್ಮ ಪೊಟ್ಟಣ ಬಿಚ್ಚಿ ನೋಡಿ ಅಂಗಡಿಯವನನ್ನು ಕೇಳಿದಳು: "ಕ್ಯಾರೆಟ್ ತುರಿದು ಹಾಕೀಯಲ್ಲಪ್ಪ, ಇದು ಮಂಡಕ್ಕಿನೋ ಕೋಸಂಬರಿನೋ? ಒಗ್ಗರಣೆ ಎಲ್ಲೈತೆ? ಮೆಣಸಿನಕಾಯಿ ಬಜ್ಜಿ ಎಲ್ಲೈತೆ?" "ತಿಂದ್ ನೋಡಿ ಅಮ್ಮ, ಆಮೇಲ್ ಬೈಯಿರಿ" ಎಂದ ಅವನು. ತಿಂದು ಇನ್ನೊಂದು ಪೊಟ್ಟಣ ತೆಗೆದುಕೊಂಡಳು. ಬೈಯುವುದನ್ನು ಮಾತ್ರ ಊರಿಗೆ ಬಂದ ಮೇಲೂ ಬಿಡಲಿಲ್ಲ.

ಮಾರನೆಯ ದಿನ ವಸ್ತುಪ್ರದರ್ಶನಕ್ಕೆ ಹೋದರು. ದಸರೆ ಮುಗಿದಿದ್ದರೂ ಅದಿನ್ನೂ ನಡೆಯುತ್ತಿತ್ತು. ಜೈಂಟ್ ವೀಲ್ ಆಚೆ ಒಂದು ಯಂತ್ರ. ಉದ್ದನೆಯ ತೋಳಿನ ತುದಿಯಲ್ಲಿ ಸಾಲಾಗಿ ಕುರ್ಚಿ. ಮೊದಲು ತೊಟ್ಟಿಲಂತೆ ತೂಗಿ, ಆಮೇಲೆ ಮೇಲಕ್ಕೇರಿ, ಕೂತವರನ್ನು ತಲೆಕೆಳಗು ಮಾಡಿ ಇಳಿಸುತ್ತದೆ. ಕಿರುಚಾಟ ದೂರಕ್ಕೂ ಕೇಳುತ್ತಿತ್ತು.

"ನಾನು ಇದನ್ನ ಹತ್ತಬೇಕು" ಎಂದಳು ಕೊಟ್ರಮ್ಮ.

"ತಲಿ ಕೆಟ್ಟೈತೇನೆ ನಿಂಗೆ? ಹೊಟ್ಟೆನೋವು ಇಟ್ಕಂಡು?"

"ಹೊಟ್ಟೆ ಇವತ್ತು ಸುಮ್ನೈತೆ. ಸಣ್ಣಾಕಿದ್ದಾಗ ಜಾತ್ರ್ಯಾಗೆ ತಿರುಗೋ ತೊಟ್ಲು ಹತ್ತಾಕೆ ಹೋದ್ರೆ ಹೆಣ್ಮಕ್ಕಳಿಗ್ಯಾಕೆ ಅಂತ ಅಪ್ಪ ಇಳಿಸಿದ್ರು. ಇಲ್ಲಿ ಬಂದ ಮ್ಯಾಲೆ ಸೊಸೆಗ್ಯಾಕೆ ಅಂತ ನಿಮ್ಮವ್ವ. ಈಗ ನೀವೂ ಒಂದು ಅಂದುಬಿಡ್ರಿ, ಲೆಕ್ಕ ಸರಿ ಹೋಗ್ತತೆ."

ಪಂಚಾಕ್ಷರಪ್ಪನವರು ಟಿಕೆಟು ತಂದರು. ಒಂದೇ ತಂದರು. ತಮಗೆ ಅಟ್ಟ ಹತ್ತಿದರೂ ಕಾಲು ನಡುಗುತ್ತದೆ ಎಂದು ಅವರೇ ಹೇಳುತ್ತಾರೆ.

ಗೇಟಿನ ಹತ್ತಿರ ಖಾಕಿ ಅಂಗಿಯ ಹೆಂಗಸೊಬ್ಬಳು ಎಲ್ಲರನ್ನೂ ನೋಡಿ ಬಿಡುತ್ತಿದ್ದಳು. ಹೊಟ್ಟೆನೋವಿನ ಮಾತು ತೆಗೆದರೆ ಬಿಡುವುದಿಲ್ಲವೆಂದು ಕೊಟ್ರಮ್ಮ ಬಾಯಿ ಬಿಡಲಿಲ್ಲ. "ಅಮ್ಮ, ಕತ್ತಲ್ಲಿರೋದೆಲ್ಲ ತೆಗ್ದು ಯಜಮಾನ್ರ ಕೈಗೆ ಕೊಡಿ. ಮೇಲೆ ಹೋದ್ರೆ ಬಿದ್ದೋಗತ್ತೆ, ಇಲ್ಲಾ ಮುಖಕ್ಕೆ ಹೊಡಿಯತ್ತೆ" ಎಂದಳು. ಕೊಟ್ರಮ್ಮ ತಾಳಿಸರ ತೆಗೆದು ಗಂಡನ ಕೈಗೆ ಹಾಕಿದಳು. "ತಗಳ್ರಿ, ನಿಮ್ದು ನಿಮಗೆ." ಸಾಲಿನವರು ನಕ್ಕರು.

"ಅದೂ ತೆಗೀರಿ" ಎಂದಳು ಖಾಕಿ ಅಂಗಿಯವಳು, ಕರಡಿಗೆ ತೋರಿಸಿ.

ಕೊಟ್ರಮ್ಮನ ಕೈ ಕರಡಿಗೆಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಕೊಡೆ, ಜೇಬಿನಾಗೆ ಇಟ್ಕಂತೀನಿ" ಎಂದರು ಪಂಚಾಕ್ಷರಪ್ಪನವರು.

"ಜೇಬಿನಾಗಾ?"

ಹಿಂದಿನವರು ಬೇಗ ಬೇಗ ಎಂದರು. ಕೊಟ್ರಮ್ಮ ಸಾಲು ಬಿಟ್ಟು ಹೊರಗೆ ಬಂದು ಒಂದು ಕಟ್ಟೆಯ ಮೇಲೆ ಕೂತಳು. ಪಂಚಾಕ್ಷರಪ್ಪನವರು ಪಕ್ಕದಲ್ಲಿ ಕೂತು, ಹೋಗಲಿ ಬಿಡು, ಟಿಕೆಟು ವಾಪಸು ತಗೊಳ್ಳುತ್ತಾರೇನೋ ಕೇಳುತ್ತೇನೆ ಎಂದರು. ಅವಳು ಬೇರೆ ಮಾತಾಡಿದಳು.

"ಆಸ್ಪತ್ರ್ಯಾಗೂ ಹಿಂಗೇ ಅಂದ್ರು."

"ಏನಂತ?"

"ಬಿಚ್ಚಿ ಹೊರಗೆ ಕೊಡ್ರಿ ಅಂತ."

ಪಂಚಾಕ್ಷರಪ್ಪನವರಿಗೆ ಆಗ ತಿಳಿಯಿತು. ಇಷ್ಟು ದಿನ ಕತ್ತರಿಯ ಭಯ ಎಂದುಕೊಂಡು ಹೆಂಡತಿಗೆ ಧೈರ್ಯ ಹೇಳಿದ್ದೆಲ್ಲ ಬೇರೆ ಯಾರಿಗೋ ಹೇಳಿದಂತಾಗಿತ್ತು. ಅವರು ಬೈಯಲಿಲ್ಲ, ನಗಲಿಲ್ಲ. ಅವಳ ಕಡೆ ತಿರುಗಿ ಕೇಳಿದರು:

"ಲಿಂಗ ಮೈಮ್ಯಾಲೆ ಇರಬೇಕು. ಹೌದೋ ಅಲ್ಲೋ? ಕೊಳ್ಳಾಗೇ ಇರಬೇಕಾ?"

ಕೊಟ್ರಮ್ಮನಿಗೆ ಅವಳ ತಾತ ನೆನಪಾದರು. ಜಗಳೂರಿನ ಬಾವಿಗಳು ಆಳ. ತಾತ ಹೂಳು ತೆಗೆಯಲು ಬಾವಿಗಿಳಿಯುವಾಗ ಕೊರಳಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದುಕೊಳ್ಳುತ್ತಿದ್ದರು. ಹಾಗೆ ಹೇಳಿದ್ದೇ ತಡ, ಪಂಚಾಕ್ಷರಪ್ಪನವರು ತಮ್ಮ ಬಿಳಿ ಟವೆಲಿನ ಅಂಚು ಹರಿದರು. ಕೊಟ್ರಮ್ಮ ಲಿಂಗವನ್ನು ಕರಡಿಗೆಯಿಂದ ತೆಗೆದು ಕಣ್ಣಿಗೊತ್ತಿಕೊಂಡು ಬಟ್ಟೆಯಲ್ಲಿ ಸುತ್ತಿದಳು. ಅವರು ಅದನ್ನು ಅವಳ ರಟ್ಟೆಗಿಟ್ಟು, ಅಡಿಕೆ ಚೀಲಕ್ಕೆ ಹಾಕುವ ಗಂಟು ಹಾಕಿದರು. ಎಷ್ಟು ಜಗ್ಗಿದರೂ ಅದು ಸಡಿಲಾಗುವುದಿಲ್ಲ. ಒಂದು ತುದಿ ಹಿಡಿದು ಎಳೆದರೆ ಮಾತ್ರ ಬಿಚ್ಚುತ್ತದೆ. ಯಾವ ತುದಿ ಎನ್ನುವುದು ಕಟ್ಟಿದವನಿಗೆ ಗೊತ್ತು.

ಖಾಕಿ ಅಂಗಿಯವಳು ಗಂಟನ್ನು ಹಿಡಿದು ಜಗ್ಗಿ ನೋಡಿದಳು. "ಏನ್ ಯಜಮಾನ್ರೇ, ನಮ್ ಬೆಲ್ಟಿಗಿಂತ ಬಿಗಿ ಕಟ್ಟಿದೀರಲ್ಲ" ಎಂದು ಒಳಗೆ ಬಿಟ್ಟಳು.

ಮೇಲೆ ಏನಾಯಿತೆಂದು ಕೊಟ್ರಮ್ಮ ಹೇಳುವಾಗ ಕೈ ಮೊದಲು ಮೇಲೆ ಹೋಗುತ್ತಿತ್ತು, ಮಾತು ಆಮೇಲೆ. "ಹೇಮಕ್ಕ, ಹೊಟ್ಟೆ ಕೆಳಗೇ ಉಳೀತು ನೋಡ್ರಿ! ಅರಮನೆ ತಲೆಕೆಳಗಾಗಿ ನಿಂತಿತ್ತು. ಪಕ್ಕದಾಕಿ ದೇವರನ್ನೆಲ್ಲ ಕರೀತಿದ್ಲು. ನಾ ಯಾರನ್ನೂ ಕರೀಲಿಲ್ಲ. ಕರ್ಯಾಕೆ ನೆನಪೇ ಆಗ್ಲಿಲ್ಲ." ಇಳಿದವಳು ಮೊದಲು ರಟ್ಟೆ ಮುಟ್ಟಿ ನೋಡಿಕೊಂಡಳು. ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಆಮೇಲೆ ಗಂಡನನ್ನು ಹುಡುಕಿದಳು. ಜೇಬುಗಳ್ಳರ ಭಯಕ್ಕೆ ಪಂಚಾಕ್ಷರಪ್ಪನವರು ತಾಳಿಸರವನ್ನು ತಮ್ಮ ಕೊರಳಿಗೇ ಹಾಕಿಕೊಂಡು, ಒಂದು ಕೈಯಲ್ಲಿ ಹೆಂಡತಿಯ ಚಪ್ಪಲಿ, ಇನ್ನೊಂದರಲ್ಲಿ ಖಾಲಿ ಕರಡಿಗೆ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು.

"ಕಣ್ಣು ಬಿಡ್ರೀ ಮುತ್ತೈದೆ!" ಎಂದಳು ಕೊಟ್ರಮ್ಮ.

ಚಪ್ಪಲಿ ಕೆಳಗಿಟ್ಟು ಅವರು ತೆಗೆದ ಫೋಟೋ ಅದು. ಫೋಟೋದಲ್ಲಿ ಅವಳು ನಗುತ್ತಿರುವುದು ತಾಳಿ ಹಾಕಿಕೊಂಡ ಗಂಡನನ್ನು ನೋಡಿ. ನಗು ನಿಂತ ಮೇಲೆ ಹೇಳಿದಳಂತೆ: "ಊರಿಗೆ ಹೋದ ಮ್ಯಾಲೆ ಡಾಕ್ಟ್ರಿಗೆ ಫೋನ್ ಮಾಡ್ರಿ, ಬರ್ತಾಳೆ ಅಂತ. ಗಂಟು ಹಾಕಾಕೆ ನೀವು ಬರ್ಬೇಕು."

ದಾವಣಗೆರೆಯಲ್ಲಿ ನಾನೂ ಇದ್ದೆ. ಡಾಕ್ಟರು ನಗಲಿಲ್ಲ. ಲೋಹ ಬೇಡ, ರಟ್ಟೆಗೆ ಕಟ್ಟಿಕೊಳ್ಳಲಿ, ಬಟ್ಟೆ ಮಾತ್ರ ಆಸ್ಪತ್ರೆಯದೇ ಆಗಬೇಕು ಎಂದು ಶುದ್ಧ ಮಾಡಿದ ಬಟ್ಟೆ ಕೊಡಿಸಿದರು. ಪಂಚಾಕ್ಷರಪ್ಪನವರು ಕೈ ತೊಳೆದು ಗಂಟು ಹಾಕಿದರು. ನರ್ಸುಗಳಿಗೆ ಅದು ಹೊಸದು. ಕೊಟ್ರಮ್ಮ ಮಲಗಿದಲ್ಲಿಂದಲೇ, "ಇದನ್ನ ಹಾಕ್ಕಂಡು ನಾನು ಮೈಸೂರಾಗೆ ತಲೆಕೆಳಗಾಗೀನಿ ಕಣ್ರವ್ವ, ನಿಮ್ಮದೇನು ಬಿಡ್ರಿ" ಎಂದು ಅವರನ್ನು ನಗಿಸಿ ಒಳಗೆ ಹೋದಳು. ನಾನು ಎಷ್ಟೋ ಧೀರರ ಕಥೆ ಓದಿದ್ದೇನೆ, ಪಾಠ ಮಾಡಿದ್ದೇನೆ. ಆ ಬಾಗಿಲು ಮುಚ್ಚುವಾಗ ನನಗಾದ ಹೆಮ್ಮೆ ಯಾವ ಕಥೆಯಿಂದಲೂ ಆಗಿರಲಿಲ್ಲ. ಇವಳು ನನ್ನ ಗೆಳತಿ ಎಂದು ಅಲ್ಲಿ ಕೂತಿದ್ದವರಿಗೆಲ್ಲ ಹೇಳಬೇಕೆನಿಸಿತು. ಒಬ್ಬರಿಗೆ ಹೇಳಿಯೂ ಹೇಳಿದೆ.

ಅವಳು ಎದ್ದು ಬಂದಳು. ಮತ್ತೆ ರೊಟ್ಟಿ ತಟ್ಟಿದಳು. ಮೊಮ್ಮಗಳ ಮುಡಿ ತೆಗೆಸಿದಳು. ಇನ್ನೊಂದು ಸಲ ಮೈಸೂರಿಗೆ ಹೋಗಿ, ಈ ಸಲ ಗಂಡನನ್ನೂ ಜೈಂಟ್ ವೀಲ್ ಹತ್ತಿಸಿದಳು. ಒಳ್ಳೆಯ ವರ್ಷಗಳು. ಕಾಯಿಲೆ ಈ ವರ್ಷ ಮತ್ತೆ ಬಂತು, ಈ ಸಲ ಕತ್ತರಿಗೆ ಸಿಗುವ ಜಾಗದಲ್ಲಿ ಇರಲಿಲ್ಲ. ಕೊನೆಯ ವಾರಗಳಲ್ಲಿ ಕೊರಳು ಸೊರಗಿ ದಾರ ಉಜ್ಜುತ್ತಿತ್ತು. "ರಟ್ಟೆಗೇ ಕಟ್ರಿ" ಎಂದಳು. ಕಟ್ಟಿದರು.

ನಮ್ಮ ಕಡೆ ಲಿಂಗ ಕಟ್ಟಿಕೊಂಡವರನ್ನು ಸುಡುವುದಿಲ್ಲ, ಮಣ್ಣು ಮಾಡುವುದು ಕ್ರಮ. ಕೂತ ಹಾಗೆ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಡುತ್ತಾರೆ. ಜಗಳೂರಿನಿಂದ ಅವಳ ತವರಿನವರು, ನ್ಯಾಮತಿಯ ಬೀಗರು, ಅವಳ ರೊಟ್ಟಿ ತಿಂದ ಕಚೇರಿಯವರು ಎಲ್ಲ ಸೇರಿದ್ದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ರಟ್ಟೆಯ ಗಂಟು ಬಿಚ್ಚಲು ನೋಡಿದರು, ಬರಲಿಲ್ಲ. ಯಾರೋ ಬ್ಲೇಡು ಕೊಟ್ಟರು.

"ಕತ್ತರಿಸಬ್ಯಾಡ್ರಿ" ಎಂದರು ಪಂಚಾಕ್ಷರಪ್ಪನವರು.

ಮುಂದೆ ಬಂದು ಮೊಣಕಾಲೂರಿ ಕೂತರು. ಬಾಗಿದಾಗ ಅಂಗಿಯೊಳಗಿಂದ ಒಂದು ಕರಡಿಗೆ ಜೋತಾಡಿತು. ದೇವರ ಗೂಡಿನಲ್ಲಿ ಇಟ್ಟಿದ್ದ ಅವರ ಸ್ವಂತದ್ದು. ಯಾವಾಗ ತೆಗೆದು ಹಾಕಿಕೊಂಡಿದ್ದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಅವರು ಬಟ್ಟೆಯ ಒಂದು ತುದಿ ಹಿಡಿದು ಮೆಲ್ಲಗೆ ಎಳೆದರು. ಗಂಟು ಬಿಚ್ಚಿಕೊಂಡಿತು. ಲಿಂಗವನ್ನು ಅವಳ ಅಂಗೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.