ಸಿಂಚನಳ ವಿಮಾನಕ್ಕೆ ನಾವು ಕೂರಿಸಿದ ಪಿಸ್ಟನ್

ನಮ್ಮ ಸಿಂಚನ ಕಾಲೇಜಿನ ಮಾದರಿ ವಿಮಾನ ಹಾರಿಸುವ ತಂಡಕ್ಕೆ ಆಯ್ಕೆಯಾದಳು. ಹಾಸನದ ಮೈದಾನದಲ್ಲಿ ಅವಳ ವಿಮಾನ ಒಂದು ಸಲವೂ ಕೆಮ್ಮದೆ ಹಾರಿ, ಗುರುತು ಹಾಕಿದ್ದ ಜಾಗಕ್ಕೇ ಬಂದು ಇಳಿಯಿತು. ಇಳಿದ ಮೇಲೆ ಅವಳು ಓಡಿಬಂದು ನನ್ನನ್ನು ಎತ್ತಿಕೊಂಡು ಗಿರ್ರನೆ ತಿರುಗಿಸಿದಳು. ಈ ಸುದ್ದಿ ಹೇಳದೆ ಬೇರೆ ಮಾತು ಶುರುಮಾಡಲು ನನ್ನ ಕೈಲಾಗದು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ತರಕಾರಿಯವಳಿಗೆ ಎರಡು ಸಲ ಹೇಳಿದ್ದೇನೆ. ಈಗ ನಿಮಗೆ.

ಸಿಂಚನ ನನ್ನ ಮಗನ ಮಗಳು, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಳೆನರಸೀಪುರದಲ್ಲಿ ನಮ್ಮದೊಂದು ರಿಪೇರಿ ಅಂಗಡಿ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ನು, ಹೀಗೆ ಬೆನ್ನಿಗೂ ಹೆಗಲಿಗೂ ಹಾಕಿಕೊಳ್ಳುವ ಸಣ್ಣ ಇಂಜಿನ್ನುಗಳೆಲ್ಲ ನಮ್ಮಲ್ಲಿಗೆ ಬರುತ್ತವೆ. ಬಿಚ್ಚುವುದು, ಹೆಡ್ಡು ಅನ್ನುವ ಮೇಲಿನ ಮುಚ್ಚಳ ಬಿಗಿಯುವುದು ನಮ್ಮ ಯಜಮಾನರ ಕೆಲಸ. ಪಿಸ್ಟನ್ನಿಗೆ ರಿಂಗು ಹಾಕಿ ಒಳಗೆ ಕೂರಿಸುವುದು ಮೊದಲಿನಿಂದಲೂ ನನ್ನದು. ನನ್ನ ಬೆರಳು ಸಣ್ಣವು, ಅವರಷ್ಟು ಅವಸರವೂ ನನಗಿಲ್ಲ.

ಈ ಸಲದ ಅವರೆಕಾಯಿ ಕಾಲದಲ್ಲಿ, ಒಂದು ಶುಕ್ರವಾರ ಸಂಜೆ, ಸಿಂಚನ ಒಂದು ಇಂಜಿನ್ನು ತಂದು ನನ್ನ ಅಂಗೈ ಮೇಲಿಟ್ಟಳು. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು. ಪೆಟ್ರೋಲ್ ಕುಡಿಯುವುದಿಲ್ಲ. ಸ್ಪಿರಿಟ್ಟಿನಂಥ ಮೆಥನಾಲಿಗೆ ಹರಳೆಣ್ಣೆ ಬೆರೆಸಿ ಕೊಡಬೇಕು. ಸ್ಪಾರ್ಕ್ ಪ್ಲಗ್ಗಿನ ಬದಲು ಗ್ಲೋ ಪ್ಲಗ್ಗು ಅಂತ ಇದೆ. ಅದರ ಬಾಯಲ್ಲಿರುವ ತಂತಿಯ ಸುರುಳಿಯನ್ನು ಬ್ಯಾಟರಿಯಿಂದ ಒಮ್ಮೆ ಕೆಂಪಗೆ ಮಾಡಿ ಬಿಟ್ಟರೆ ಆಮೇಲೆ ತಾನೇ ಕೆಂಡದ ಹಾಗೆ ಉರಿದುಕೊಂಡಿರುತ್ತದೆ. ಹಿಂದಿನ ವಾರ ಎಣ್ಣೆ ಸಾಲದೆ ಓಡಿ ಪಿಸ್ಟನ್ನೂ ಲೈನರೂ ಗೀರಿಹೋಗಿ, ವಿಮಾನ ರಾಗಿ ಹೊಲಕ್ಕೆ ಬಿದ್ದಿತ್ತು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಹಿತ್ತಾಳೆಯ ಕೊಳವೆ. ಕಾಲೇಜಿನವರು ತರಿಸಿದ್ದ ಹೊಸ ಜೋಡಿಯೂ ಅವಳ ಬ್ಯಾಗಿನಲ್ಲಿತ್ತು. ಭಾನುವಾರ ಆಯ್ಕೆ. ಅವತ್ತು ಹಾರದಿದ್ದರೆ ಅವಳ ಜಾಗ ಬೇರೆಯವರಿಗೆ. ಶನಿವಾರ ಬೆಳಿಗ್ಗೆ ಅವಳಿಗೆ ಕಾಲೇಜಿನಲ್ಲಿ ಟೆಸ್ಟು ಬೇರೆ.

"ಅಜ್ಜಿ, ನೀನೇ ಕೂರ್ಸಿರು. ಮಧ್ಯಾಹ್ನ ಬಂದ್ಬುಡ್ತೀನಿ" ಅಂದು ಮುಂಜಾನೆಯ ಬಸ್ಸಿಗೆ ಹೋದಳು.

ಹೊಸ ಪಿಸ್ಟನ್ನನ್ನು ಲೈನರಿಗೆ ಬಿಟ್ಟು ನೋಡಿದೆ. ಕೆಳಗೆ ಸಲೀಸಾಗಿ ಓಡಾಡುತ್ತದೆ, ಮೇಲೆ ತುದಿಗೆ ಬಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಯಜಮಾನರು ಇಸಿದುಕೊಂಡು ನೋಡಿ, ಮಾಲು ಸರಿಯಿಲ್ಲ ಅಂದರು. ಎಲ್ಲಾದರೂ ಹಿಡಿಯುವ ಪಿಸ್ಟನ್ನಿಗೆ ಗ್ರೈಂಡಿಂಗ್ ಪೇಸ್ಟು ಸವರಿ, ಕೈಯಲ್ಲೇ ಆಡಿಸಿ ಆಡಿಸಿ ಸಲೀಸು ಮಾಡುವುದು ನಮ್ಮ ಅಂಗಡಿಯ ರೂಢಿ. ಪಂಪಿನ ಇಂಜಿನ್ನಾದರೆ ನಡೆಯುತ್ತದೆ, ಸೀಲು ಹಿಡಿಯಲು ಮೇಲೆ ರಿಂಗು ಇರುತ್ತದಲ್ಲ. ಅವರು ಉಜ್ಜಿದರು, ನಾನು ತೊಳೆದು ಕೂರಿಸಿದೆ. ಇಂಜಿನ್ನಿನ ಮೂತಿಗಿರುವ ಫ್ಯಾನು ಬೆರಳಲ್ಲಿ ತಳ್ಳಿದರೆ ಬುಗುರಿಯ ಹಾಗೆ ತಿರುಗಿತು. ಇಬ್ಬರೂ ಖುಷಿಯಾಗಿ ಕಾಫಿ ಕುಡಿದೆವು.

ಮಧ್ಯಾಹ್ನ ಸಿಂಚನ ಬಂದವಳು ಬ್ಯಾಗು ಇಳಿಸದೆ ಫ್ಯಾನನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು. ಆಮೇಲೆ ಮೆತ್ತಗೆ ಕೇಳಿದಳು:

"ತಾತ, ಇದುನ್ನ ಉಜ್ಜುದ್ರಾ?"

"ಹಿಡೀತಿತ್ತು ಕಣವ್ವ. ಈಗ ನೋಡು, ಬೆಣ್ಣೆ."

"ಹಿಡೀಬೇಕು ತಾತ. ಇದಕ್ಕೆ ರಿಂಗೇ ಇಲ್ಲ. ಮೇಲ್ಗಡೆ ಆ ಬಿಗಿನೇ ಇದರ ಜೀವ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ ಫೋನು ಒತ್ತತೊಡಗಿದಳು. ಯಜಮಾನರು ಅಂಗಡಿ ಮುಂದಿನ ಮೋರಿಯಿಂದ ಬಸ್ ಸ್ಟಾಂಡಿನ ಕಡೆಗೆ, ಅಲ್ಲಿಂದ ವಾಪಸು ಮೋರಿಗೆ, ಸುಮ್ಮನೆ ನಡೆದರು. ನನಗೆ ನಿಂತರೆ ಕೂರಬೇಕು, ಕೂತರೆ ಏಳಬೇಕು. ಕೊನೆಗೆ ಫೋನಿನಲ್ಲಿ ಅರಕಲಗೂಡಿನ ಚಂದ್ರಪ್ಪ ಅಂತ ಒಬ್ಬರು ಸಿಕ್ಕರು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಒಂದು ಕಾಲಕ್ಕೆ ಇಂಥವೇ ವಿಮಾನ ಹಾರಿಸುತ್ತಿದ್ದರಂತೆ. ಅದೇ ಕಂಪನಿಯ ಅದೇ ಅಳತೆಯ ಇಂಜಿನ್ನು ಅವರ ಟ್ರಂಕಿನಲ್ಲಿದೆ, ಬನ್ನಿ ಅಂದರು.

ನಾನೂ ಸಿಂಚನಳೂ ಬಸ್ಸು ಹತ್ತಿದೆವು. ಯಾರು ಕೈ ತೋರಿಸಿದರೂ ನಿಲ್ಲುವ ಬಸ್ಸು ಅದು. ಹತ್ತುವವರೆಲ್ಲ ಡ್ರೈವರನ್ನು ಕ್ಷೇಮ ಕೇಳಿಯೇ ಹತ್ತುತ್ತಿದ್ದರು. ಹೊತ್ತು ಇಳಿಯುತ್ತಿತ್ತು. ಸಿಂಚನ ಕಿಟಕಿಯ ಕಂಬಿ ಹಿಡಿದುಕೊಂಡು, ಬಸ್ಸು ನಿಂತಾಗಲೆಲ್ಲ ಫೋನಿನಲ್ಲಿ ಗಂಟೆ ನೋಡುತ್ತಿದ್ದಳು.

ಚಂದ್ರಪ್ಪನವರು ಬಾಗಿಲಲ್ಲೇ ಕಾದಿದ್ದರು. "ನೀವೇಯಾ ತಾಯಿ ಪೇಸ್ಟ್ ಹಾಕಿ ಉಜ್ಜಿದ್ದು?" ಅಂದರು. ನಮ್ಮ ಯಜಮಾನರು ಅಂದೆ. "ಸದ್ಯ ಅವರ್ನ ಕರ್ಕೊಂಡು ಬರ್ಲಿಲ್ವಲ್ಲ" ಅಂತ ನಕ್ಕು ಇಂಜಿನ್ನು ಕೊಟ್ಟರು. ಒಳಗಿನ ಹರಳೆಣ್ಣೆ ಒಣಗಿ ಅಂಟಾಗಿ ಎಲ್ಲವೂ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಅಂಟು ಬಿಡುವ ತನಕ ಬಲ ಹಾಕಿ ತಿರುಗಿಸಕೂಡದು ಅಂತ ಎಚ್ಚರಿಸಿದರು. ಹೊರಡುವಾಗ ಸಿಂಚನಳಿಗೆ, "ಹಾರುಸ್ಬುಟ್ಟು ಪೋನ್ ಮಾಡವ್ವ. ನಾನು ಶಬ್ದ ಕೇಳಿ ಬಾಳ ದಿವ್ಸ ಆಯ್ತು" ಅಂದರು.

ಮನೆಗೆ ಬರುವ ಹೊತ್ತಿಗೆ ದೀಪ ಹಾಕಿದ್ದರು. ಹರಳೆಣ್ಣೆಯ ಅಂಟು ಬಿಸಿಗೆ ಬಿಡುತ್ತದೆ ಅನ್ನುವುದು ಅಡುಗೆಮನೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸಿ ಇಂಜಿನ್ನು ಮುಳುಗಿಸಿದೆ. ತೆಗೆದು ತಿರುಗಿಸಿದರೆ ಅಲ್ಲಾಡದು. ಮತ್ತೆ ಮುಳುಗಿಸಿದೆ. ಮೂಗಿಗೆ ಅಡರುವ ವಾಸನೆ, ನೀರೆಲ್ಲ ಕಂದು. ಆಮೇಲೆ ಒಮ್ಮೆ ಫ್ಯಾನಿನ ಬುಡ ಬೆರಳಿಗೆ ಕೂದಲೆಳೆಯಷ್ಟು ಬಂತು, ಸ್ವಲ್ಪ ಹೊತ್ತಿಗೆ ಪೂರಾ ಸುತ್ತಿತು. ಸಿಂಚನಳ ಇಂಜಿನ್ನಿಗೆ ಹಾಕಲೆಂದು ಹೆಡ್ಡು ಬಿಚ್ಚಿ, ಲೈನರನ್ನೂ ಪಿಸ್ಟನ್ನನ್ನೂ ಎಳೆದುಕೊಂಡೆ. ಒಂದು ಗೀರಿಲ್ಲ. ಅದರದ್ದೇ ಪಿಸ್ಟನ್ನು ಅದರದ್ದೇ ಲೈನರಿಗೆ ಹೋಗಬೇಕು, ಒಂದರ ಪಿಸ್ಟನ್ನು ಇನ್ನೊಂದರ ಲೈನರಿಗೆ ಸೇರುವುದಿಲ್ಲ. ಹೆಡ್ಡಿನ ಕೆಳಗಿನ ತೆಳು ತಗಡಿನ ಬಳೆಯನ್ನೂ ಅಲ್ಲಿಂದಲೇ ತೆಗೆದುಕೊಂಡೆ. ಅದು ದಪ್ಪವಾದರೆ ಒತ್ತಡ ಕಮ್ಮಿ, ತೆಳುವಾದರೆ ಪಿಸ್ಟನ್ನು ಹೋಗಿ ಹೆಡ್ಡಿಗೆ ಬಡಿಯುತ್ತದೆ.

ತಣ್ಣಗಾದ ಮೇಲೆ ನೋಡಿದರೆ ಇದೂ ಮೇಲಿನ ತುದಿಯಲ್ಲಿ ಕಚ್ಚಿಕೊಳ್ಳುತ್ತಿತ್ತು. ಯಜಮಾನರು ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು.

"ಬಾ ತಾತ" ಅಂದಳು ಸಿಂಚನ. "ಬರೀ ಲೈನರ್ನ ಬಿಸ್ನೀರಿಗೆ ಅದ್ದು. ಈಗ ಬುಟ್ಟು ನೋಡು."

ಬಟ್ಟೆಯಲ್ಲಿ ಹಿಡಿದು ಅದ್ದಿದರು. ಪಿಸ್ಟನ್ನು ತುದಿಯವರೆಗೂ ಸರಕ್ಕನೆ ಹೋಯಿತು. ಕಾದರೆ ಹಿತ್ತಾಳೆ ಹಿಗ್ಗುತ್ತದೆ, ಬಿಗಿ ಬಿಡುತ್ತದೆ. ತಣ್ಣಗಿದ್ದಾಗ ಹಿಡಿಯುವುದು, ಓಡುವಾಗ ಸರಿಯಾಗಿರಲಿ ಅಂತಲೇ. ಅವರು ತಣಿಸಿದರು, ನೋಡಿದರು, ಮತ್ತೆ ಅದ್ದಿದರು. ಇನ್ನೂ ಎಷ್ಟು ಸಲ ಅದ್ದುತ್ತೀರಿ ಅಂತ ನಾನು ಕಸಿದುಕೊಳ್ಳಬೇಕಾಯಿತು. ಬೆಚ್ಚಗಿರುವಾಗಲೇ, ಲೈನರಿನ ಕಚ್ಚನ್ನು ಇಂಜಿನ್ನಿನ ಗೂಡಿನ ಗುರುತಿಗೆ ಸೇರಿಸಿ ನಾನು ಕೂರಿಸಿದೆ. ಹೆಡ್ಡಿನ ಸ್ಕ್ರೂಗಳನ್ನು ಸಿಂಚನ ಅವರ ಕೈಗೆ ಕೊಟ್ಟಳು.

"ನಾನ್ ಮುಟ್ಟದಿಲ್ಲ ಕಣವ್ವ."

"ನಿನ್ ಕೆಲ್ಸ ನಾನ್ಯಾಕ್ ಮಾಡ್ಲಿ? ಬಿಗಿ ತಾತ."

ಎದುರುಬದುರಾಗಿ, ಒಂದೊಂದಕ್ಕೂ ಚೂರು ಚೂರೇ ಬಿಗಿದರು.

ಭಾನುವಾರ ಮೈದಾನದಲ್ಲಿ ನಾನು ವಿಮಾನ ನೋಡಲೇ ಇಲ್ಲ, ಕಣ್ಣು ಮುಚ್ಚಿ ಶಬ್ದ ಕೇಳುತ್ತಿದ್ದೆ. ಇಂಜಿನ್ನು ಸೊರಗಿದರೆ ಮೊದಲು ನನ್ನ ಕಿವಿಗೆ ಗೊತ್ತಾಗುತ್ತದೆ. ಹತ್ತುವಾಗ ಒಂದೇ ರಾಗ, ತಿರುಗುವಾಗ ಅದೇ ರಾಗ. ಯಜಮಾನರು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ಚಕ್ರ ನೆಲ ಮುಟ್ಟಿದಾಗ ಬಿಟ್ಟರು. ಸಿಂಚನ ಚಂದ್ರಪ್ಪನವರಿಗೆ ಮೊದಲೇ ಫೋನು ಹಚ್ಚಿಟ್ಟಿದ್ದಳು, ಅವರೂ ಪೂರ್ತಿ ಕೇಳಿಸಿಕೊಂಡರಂತೆ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಯಾವ ವಸ್ತುವನ್ನೇ ಆಗಲಿ, ಅದು ದುಡಿಯುವ ಬಿಸಿಯಲ್ಲಿ ಒಮ್ಮೆ ನೋಡದೆ ಸರಿಯಿಲ್ಲ ಅಂತ ತೀರ್ಮಾನಿಸಿ ಉಜ್ಜಲು ಕೂರಬಾರದು. ಈಗ ನಮ್ಮ ಅಂಗಡಿಯಲ್ಲಿ ಪೇಸ್ಟಿನ ಡಬ್ಬಿ ಮೇಲಿನ ಹಲಗೆಗೆ ಹೋಗಿದೆ. ತೆಗೆಯಬೇಕಾದರೆ ಯಜಮಾನರು ನನ್ನನ್ನು ಕೇಳಬೇಕು.

ಆ ಭಾನುವಾರ ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಿಸಿ ಮುದ್ದೆ, ಹಿತಕಿದ ಅವರೆಕಾಳಿನ ಸಾರು. ಮಗ ತಟ್ಟೆ ಮುಂದಿಟ್ಟುಕೊಂಡು, ಸಾರಿನ ಪಾತ್ರೆ ಇಂಜಿನ್ ಬೇಯಿಸಿದ್ದಲ್ಲ ತಾನೆ ಅಂತ ಸೊಸೆಯನ್ನು ಕೇಳಿದ. ಸಿಂಚನ ನಗುತ್ತಾ ಮುದ್ದೆ ಮುರಿದಳು. ಯಜಮಾನರು ಮಾತ್ರ ಲೈನರನ್ನು ನೋಡಿದ ಹಾಗೆ ತಮ್ಮ ಮುದ್ದೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಇನ್ನೂ ಬಿಸಿ ಐತೆ, ಉಣ್ಣಿ" ಅಂದು ನಾನು ಸಾರು ಬಡಿಸಿದೆ.