ಅವ್ವ ಕಂಡ ಹವಳದ ದಿಬ್ಬ

ನನಗೆ ಈಜು ಕಲಿಸಿದ್ದು ಅವ್ವ, ಔರಾದ್ ಸಮೀಪದ ಒಂದು ಹೊಲದ ಬಾವಿಯಲ್ಲಿ. ಅವಳು ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಬೇಸಿಗೆಯಲ್ಲಿ ರಜೆ ಹಾಕಿ ನನ್ನನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದಳು. ವರ್ಷವಿಡೀ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಕಾಣುತ್ತಿದ್ದ ಅವ್ವ ಅಲ್ಲಿ ಹಳೆಯ ಚೂಡಿದಾರ ತೊಟ್ಟು, ಜಡೆಯನ್ನು ಗಂಟು ಹಾಕಿಕೊಂಡು, ಕಟ್ಟೆಯ ಮೇಲಿಂದ ಧಡಕ್ಕನೆ ಹಾರಿದಾಗ ನಾನು ಮೊದಲ ಸಲ ಕಿರುಚಿ ಅತ್ತಿದ್ದೆನಂತೆ. ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ. ಹೊಲದಲ್ಲಿ ಬಾವಿ ಇದ್ದ ಮೇಲೆ ಯಾರಿಗಾದರೂ ಈಜು ಬರಬೇಕಲ್ಲ ಎಂದು ಇಬ್ಬರು ಹೆಣ್ಣುಮಕ್ಕಳನ್ನೂ ನೀರಿಗಿಳಿಸಿದ್ದ. ಅವ್ವ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು, “ಅಂಜಬ್ಯಾಡ. ಮೈ ಸಡ್ಲ ಬಿಡು. ನೀರೇ ನಿನ್ನ ಎತ್ತಿ ಹಿಡೀತದ,” ಎನ್ನುತ್ತಿದ್ದಳು.

ಸಮುದ್ರ ನೋಡಿದ್ದು ಎಷ್ಟೋ ವರ್ಷಗಳ ನಂತರ, ಎಂ.ಎಸ್ಸಿ. ಓದಲು ಕರಾವಳಿಗೆ ಹೋದಾಗ. ನಮ್ಮ ಕಡೆಯಿಂದ ಕಡಲಿಗೆ ಹೋಗುವುದೆಂದರೆ ಇಡೀ ಕರ್ನಾಟಕವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿದ ಹಾಗೆ. ನನಗೆ ಚೆನ್ನಾಗಿ ಈಜು ಬರುತ್ತದೆಂದು ಗೊತ್ತಾದ ಮೇಲೆ ನಮ್ಮ ಪ್ರಾಧ್ಯಾಪಕರು ಡೈವಿಂಗ್ ಕಲಿಯಲು ಕಳಿಸಿದರು. ಆಮೇಲೆ ನೆಲದ ಮೇಲಿನ ಕೆಲಸ ಯಾವುದೂ ನನಗೆ ರುಚಿಸಲಿಲ್ಲ.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಅದರ ಸುತ್ತ ನೀರಿನಡಿಯ ಬಂಡೆಗಳ ಮೇಲೆ ಹವಳ ಬೆಳೆದಿದೆ. ಹವಳ ನೋಡಲು ಕಲ್ಲು, ಆದರೆ ಜೀವವಿರುವ ವಸ್ತು. ಸಮುದ್ರ ವಿಪರೀತ ಕಾದ ವರ್ಷ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಆಗ ಅದನ್ನೇ ಮನೆ ಮಾಡಿಕೊಂಡ ಮೀನುಗಳಲ್ಲಿ ಯಾವುವು ಉಳಿಯುತ್ತವೆ, ಯಾವುವು ಬಿಟ್ಟು ಹೋಗುತ್ತವೆ ಎನ್ನುವುದೇ ನನ್ನ ಸಂಶೋಧನೆ. ತಳದಲ್ಲಿ ಟೇಪು ಹಾಸಿ, ಅದರ ಗುಂಟ ನಿಧಾನವಾಗಿ ಈಜುತ್ತ, ಎರಡೂ ಬದಿಗೆ ಕಂಡ ಮೀನುಗಳನ್ನು ಗುರುತಿಸಬೇಕು. ನನ್ನ ಜೊತೆ ಇಳಿಯುತ್ತಿದ್ದವಳು ಹೊನ್ನಾವರದ ಕಡೆಯ ಗೆಳತಿ. ದೋಣಿಯಲ್ಲಿ ಬಾಯಿಗೆ ಬಿಡುವೇ ಕೊಡದವಳು ನೀರಿನೊಳಗೆ ಬರೀ ಕೈಸನ್ನೆ. ಸಮುದ್ರದಡಿ ಮೌನವಿರುತ್ತದೆ ಎಂದುಕೊಂಡವರೇ ಹೆಚ್ಚು. ಹವಳದ ದಿಬ್ಬದಲ್ಲಿ ಯಾವಾಗಲೂ ಚಟಪಟ ಸದ್ದು. ಬೆರಳಿನಷ್ಟೂ ಇಲ್ಲದ ಸಿಗಡಿಗಳು ಕೊಂಡಿ ಸಿಡಿಸುವ ಸದ್ದು ಅದು. ಆ ಸದ್ದಿನೊಳಗೆ ನಾವಿಬ್ಬರೂ ವರ್ಷಗಟ್ಟಲೆ ಕೆಲಸ ಮಾಡಿದೆವು.

ಒಂದು ಬೆಳಿಗ್ಗೆ ಕೆಳಗಿಳಿಯುವಾಗ ಸೆಳವು ನಮ್ಮನ್ನು ಒಮ್ಮೆಲೇ ಆಳಕ್ಕೆ ನೂಕಿತು. ಎಡಗಿವಿಯೊಳಗೆ ಏನೋ ಹರಿದಂತಾಯಿತು. ಮರುಕ್ಷಣ ಸಮುದ್ರ ಗಿರ್ರನೆ ತಿರುಗತೊಡಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದು. ಗೆಳತಿ ನನ್ನ ತೋಳು ಹಿಡಿದಳು. ನನ್ನ ಅಂಗೈ ತೆಗೆದು ತನ್ನ ಬಾಯಿಂದ ಹೊರಡುವ ಗುಳ್ಳೆಗಳಿಗೆ ಅಡ್ಡ ಹಿಡಿದಳು. ಗುಳ್ಳೆ ಹೋಗುವ ಕಡೆಯೇ ಮೇಲೆ. ಅಂಗೈಗೆ ತಾಕುತ್ತಿದ್ದ ಆ ಗುಳ್ಳೆಗಳನ್ನೇ ನಂಬಿ ನಾನು ಅವಳ ಜೊತೆ ಮೇಲೆ ಬಂದೆ.

ಒಳಗಿವಿಗೆ ಪೆಟ್ಟಾಗಿದೆ, ಪರದೆ ಹರಿದಿದೆ ಎಂದರು ವೈದ್ಯರು. ಶಸ್ತ್ರಚಿಕಿತ್ಸೆಯಾದರೂ ಪರದೆ ಪೂರ್ತಿ ಕೂಡಲಿಲ್ಲ. ಇನ್ನು ಡೈವಿಂಗ್ ಮಾತೇ ಬೇಡ, ತಲೆ ಮುಳುಗಿಸಿ ಈಜುವುದೂ ಬೇಡ, ಸ್ನಾನ ಮಾಡುವಾಗಲೂ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರು. ನಾನು ಬೀದರಿನ ಚಿದ್ರಿಯ ಮನೆಗೆ, ಅವ್ವನ ಹತ್ತಿರ ಬಂದೆ. ಭಾಲ್ಕಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು.

ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬರುವಾಗ ಕಿಟಕಿಯಾಚೆ ತೊಗರಿ, ಸೋಯಾ, ಮತ್ತೆ ತೊಗರಿ. ಬಲಗಿವಿಯ ಕಡೆ ಯಾರಾದರೂ ಕೂತರೆ ಮಾತು, ಎಡಗಿವಿಯ ಕಡೆ ಕೂತರೆ ಇಲ್ಲ. ಲ್ಯಾಬಿನ ಗಾಜಿನ ಜಾಡಿಗಳಲ್ಲಿ ಮೀನುಗಳಿದ್ದವು. ಎಲ್ಲವೂ ಒಂದೇ ಮಾಸಲು ಬಣ್ಣ. ಕಮಲನಗರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು, “ಮೇಡಮ್‌ರಿ, ನೀರಿನ ಒಳಗ ಮೀನಿನ ವಾಸನಿ ಬರ್ತದೇನ್ರಿ?” ಎಂದಳು. ಎಲ್ಲರೂ ನಕ್ಕರು. ಇಲ್ಲ, ಮೂಗಿಗೆ ಮಾಸ್ಕ್ ಇರುತ್ತದೆ, ರಬ್ಬರಿನ ವಾಸನೆಯಷ್ಟೇ, ಅದೇ ವಾಸನೆ ನನಗೆ ಎಲ್ಲಕ್ಕಿಂತ ಇಷ್ಟ ಎಂದು ಹೇಳಹೊರಟೆ. ಅರ್ಧಕ್ಕೇ ಬಿಟ್ಟು ಬೋರ್ಡಿನ ಕಡೆ ತಿರುಗಿ ಮೀನಿನ ಕಿವಿರಿನ ಚಿತ್ರ ಬರೆಯತೊಡಗಿದೆ.

ಅದೇ ವರ್ಷ ಪಂಚಮಿಯ ಸಮಯ. ಓಣಿಯ ಮನೆಗಳಲ್ಲೆಲ್ಲ ಜೋಳದ ಅರಳು ಹುರಿಯುತ್ತಿದ್ದರು. ನಮ್ಮದು ಚರ್ಚಿಗೆ ಹೋಗುವ ಮನೆ, ಹಬ್ಬ ಮಾಡುವುದಿಲ್ಲ. ಆದರೆ ಅರಳನ್ನು ಮಾತ್ರ ಅವ್ವ ಬಿಟ್ಟವಳಲ್ಲ. ಸಂಜೆ ಕಾಲೇಜಿನಿಂದ ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಬಾಣಲೆಯಲ್ಲಿ ಜೋಳ ಚಟಪಟ ಸಿಡಿಯುತ್ತಿತ್ತು. ಬಲಗಿವಿಯನ್ನು ಆ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡೆ.

“ಯಾಕ, ಹಿಂಗ್ಯಾಕ ನಿಂತಿ? ಏನ್ ಕೇಳ್ಲತ್ತಿ?”

“ಇದೇ ಸದ್ದು ಅವ್ವಾ. ಹವಳದ ಹತ್ರ ನೀರಾಗ ಹಿಂಗೇ ಕೇಳಸ್ತದ.”

ಅವ್ವ ಬಾಣಲೆಯ ಸದ್ದು ಕಡಿಮೆಯಾಗುತ್ತ ಬಂದಾಗ ಇನ್ನೊಂದು ಹಿಡಿ ಜೋಳ ಹಾಕಿದಳು. ಅದು ಮುಗಿಯಿತೆನ್ನುವಾಗ ಮತ್ತೊಂದು ಹಿಡಿ. ಬುಟ್ಟಿ ತುಂಬಿ ಅರಳು ನೆಲಕ್ಕೆ ಚೆಲ್ಲಿತು. ಆಮೇಲೆ ನನ್ನ ಒದ್ದೆ ಕೆನ್ನೆ ನೋಡಿ ಕೇಳಿದಳು:

“ಕಿವಿ ಹೋಯ್ತಂತ ಅಳ್ತಿಯೋ, ನೀರು ಹೋಯ್ತಂತ ಅಳ್ತಿಯೋ?”

“ನೀರು.”

“ಹಂಗಾದ್ರ ನನಗ ತೋರ್ಸು. ನಿನಗ ಇಳೀಲಿಕ್ಕ ಬರಲ್ಲಂದ್ರ ನಾ ಇಳೀತೇನಿ.”

ನಾನು ಅಳುತ್ತಲೇ ನಕ್ಕೆ. ಅವ್ವ ನಿವೃತ್ತಳಾಗಿ ಎಷ್ಟೋ ವರ್ಷವಾಗಿತ್ತು. ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಆಳಕ್ಕೆ ಇಳಿಯಬೇಕಿಲ್ಲ, ಮೇಲೆ ತೇಲುತ್ತ ಮುಖ ಮುಳುಗಿಸಿದರೂ ಬಹಳಷ್ಟು ಕಾಣುತ್ತದೆ ಎಂದು ನಾನೇ ಹಿಂದೊಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಗೆಳತಿಗೆ ಫೋನ್ ಮಾಡಿದೆ. “ಕರ್ಕಂಡು ಬಾರೇ. ಅಮ್ಮನ ಕೈ ನಾ ಹಿಡ್ಕಳ್ತೆ,” ಎಂದಳು ಅವಳು.

ದಸರಾ ರಜೆಯಲ್ಲಿ ಔರಾದಿಗೆ ಹೋದೆವು. ಮಳೆ ಚೆನ್ನಾಗಿ ಆಗಿ ಬಾವಿ ತುಂಬಿತ್ತು. ಅವ್ವನಿಗೆ ನನ್ನ ಮಾಸ್ಕ್ ಹಾಕಿ, ಉಸಿರಾಡುವ ಕೊಳವೆಯನ್ನು ಬಾಯಿಗಿಟ್ಟೆ. ಅವಳು ಥೂ ಎಂದು ಉಗಿದಳು. “ಮೂಗಿಗಿ ಬೀಗ ಹಾಕಿದಂಗ ಆಗ್ತದ!”

ಅಜ್ಜನ ಹೊಲ ನೋಡಿಕೊಳ್ಳುವ ಚಿಕ್ಕವ್ವ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಕ್ಕಾ, ಈ ವಯಸ್ಸಿನಾಗ ನಿನಗೇನ್ ಹುಚ್ಚ ಹಿಡದದ? ಬಾವ್ಯಾಗ ಕಪ್ಪಿ ಬಿಟ್ರ ಏನದ ನೋಡ್ಲಿಕ್ಕ?”

ನಾನು ಮೆಟ್ಟಿಲ ಮೇಲೆ ಮೊಣಕಾಲಿನಷ್ಟು ನೀರಲ್ಲಿ ನಿಂತು ಮೈ ಸಡಿಲ ಬಿಡಲು ಹೇಳಿದೆ. ಅವ್ವ ಮಾಸ್ಕಿನೊಳಗಿಂದಲೇ ದುರುಗುಟ್ಟಿ ನೋಡಿದಳು. ಅದು ತಾನು ಹೇಳುವ ಮಾತು ಎನ್ನುವಂತೆ. ರಜೆ ಮುಗಿಯುವ ಹೊತ್ತಿಗೆ ಬಾವಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ತಲೆ ಎತ್ತದೆ ತೇಲುತ್ತಿದ್ದಳು.

ಕ್ರಿಸ್ಮಸ್ ಮುಗಿಸಿಕೊಂಡು ಹೊರಟೆವು. ಸಮುದ್ರ ಮೊದಲು ಕಂಡಾಗ ಅವ್ವ, “ಭಾಳ ಅದ,” ಎಂದಷ್ಟೇ ಹೇಳಿದಳು. ದೋಣಿಯಲ್ಲಿ ಗೆಳತಿ ಅವಳಿಗೆ ಲೈಫ್ ಜಾಕೆಟ್ ಕಟ್ಟಿದಳು. ನನ್ನ ಕೈ ಬಿಟ್ಟು ಅವ್ವ ಅವಳ ಕೈ ಹಿಡಿದಳು. ಇಬ್ಬರೂ ನೀರಿಗಿಳಿದರು.

ದೋಣಿಯಲ್ಲಿ ನಾನೂ ದೋಣಿಯವನೂ ಉಳಿದೆವು. ಅವ್ವನ ಬೆನ್ನು, ಬಿಳಿ ಕೂದಲ ಗಂಟು, ಕೊಳವೆಯ ತುದಿ ಮಾತ್ರ ಕಾಣುತ್ತಿದ್ದವು. ಅವರು ನನ್ನ ಜಾಗದ ಕಡೆಗೇ ಹೋಗುತ್ತಿದ್ದರು. ಆ ತಳದ ಒಂದೊಂದು ಬಂಡೆಯೂ ನನಗೆ ಗೊತ್ತು. ಆಮೇಲೆ ಗಮನಿಸಿದೆ, ನನ್ನ ಬೆರಳುಗಳು ತಾವಾಗಿಯೇ ಮೂಗನ್ನು ಬಿಗಿಯಾಗಿ ಹಿಡಿದಿದ್ದವು. ಆಳಕ್ಕೆ ಇಳಿಯುವಾಗ ಕಿವಿಯ ಒತ್ತಡ ಸರಿಪಡಿಸಲು ನಾವು ಹಾಗೆ ಹಿಡಿದು ಗಾಳಿ ಒತ್ತುತ್ತೇವೆ. ಮೈ ಇಳಿಯಲು ಸಿದ್ಧವಾಗಿತ್ತು. ಕೈ ಬಿಡಿಸಿ ದೋಣಿಯ ಅಂಚನ್ನು ಹಿಡಿದುಕೊಂಡೆ.

ಅಷ್ಟರಲ್ಲಿ ಅವ್ವ ತಲೆ ಎತ್ತಿ, ಕೊಳವೆ ಕಿತ್ತು ಕೂಗಿದಳು: “ಮಗಳ! ಇಲ್ಲಿ ಖರೇನ ಅರಳು ಹುರೀಲತ್ತಾರ!” ಮತ್ತೆ ಮುಖ ಮುಳುಗಿಸಿದಳು. ಕರೆದರೂ ಬರಲಿಲ್ಲ.

ದೋಣಿಗೆ ಹತ್ತಿದಾಗ ತುಟಿ ನೀಲಿಗಟ್ಟಿತ್ತು, ಮಾತು ನಿಲ್ಲುತ್ತಿರಲಿಲ್ಲ. “ಒಂದು ಹಸರು ಮೀನ, ಗಿಳಿ ಮೂತಿದು, ಕಲ್ಲ ಕಟಕಟ ಕಡೀಲತ್ತಿತ್ತು. ಕಡದು, ಹಿಂದಿನಿಂದ ಉಸುಕು ಬಿಟ್ಟು ಹೋಯ್ತು ನೋಡು!”

ಗಿಳಿಮೀನು. ಅದು ಉಳಿದಿತ್ತು. “ಕಲ್ಲು ಬೆಳ್ಳಗಿತ್ತೇನವ್ವಾ?” ಎಂದು ಕೇಳಿದೆ.

“ಕೆಲವು ಕಡಿ ಹಳೇ ಎಲುಬಿನಂಗ ಅದ. ಅದರ ಬಾಜೂಕ ಸಣ್ಣ ಸಣ್ಣದು ಜಾಂಬಳಿ ಬಣ್ಣದ್ದು ಬರ್ಲತ್ತದ. ಗಾಯ ಮಾಯುವಾಗ ಅಂಚಿಗಿ ಹೊಸ ತೊಗಲು ಬರ್ತದಲ್ಲ, ಹಂಗ.”

ಹೊಸ ಹವಳವೇ ಇರಬೇಕು. ಆದರೆ ನಾನು ಕೇಳಬೇಕೆಂದಿದ್ದು ಬೇರೆ. ದೊಡ್ಡ ಬಂಡೆಯ ಸೀಳಿನಲ್ಲಿ ಒಂದು ಮುರು ಮೀನು ಇರುತ್ತಿತ್ತು. ದಪ್ಪ ತುಟಿಯ, ನನ್ನ ತೋಳಿನಷ್ಟು ಉದ್ದದ ಮೀನು. ವರ್ಷಗಟ್ಟಲೆ ಪ್ರತಿ ಸಲವೂ ನಾನು ಟೇಪು ಬಿಚ್ಚುವಾಗ ಅರ್ಧ ಮೈ ಹೊರಹಾಕಿ ನೋಡುತ್ತಿತ್ತು. ಗೆಳತಿ ಆ ಬಂಡೆಯ ತನಕ ಕರೆದೊಯ್ದಳೇ ಎಂದು ಕೇಳಿದೆ.

“ಒಯ್ದಳು. ಸೀಳ ಖಾಲಿ ಇತ್ತವ್ವ,” ಎಂದಳು ಅವ್ವ. ನನ್ನ ಮುಖ ನೋಡಿದಳು, ಆದರೆ ಮಾತು ಬದಲಿಸಲಿಲ್ಲ.

ಗೆಳತಿ ಟವೆಲ್ಲಿನಿಂದ ಕೂದಲು ಒರೆಸುತ್ತ ಅತ್ತ ತಿರುಗಿದಳು. “ಹೋದ ಸಲನೂ ಕಾಣ್ಲಿಲ್ಲೆ. ಯಾರೋ ಹಿಡಿದ್ರೋ, ತಾನೇ ಹೋಯ್ತೋ. ನಿನಗೆ ಫೋನಲ್ಲಿ ಹೇಳೂಕೆ ಮನಸ್ಸಾಗ್ಲಿಲ್ಲೆ.”

ದಡ ಬರುವ ತನಕ ಅವ್ವನ ಒದ್ದೆ ಕೈ ನನ್ನ ಮೊಣಕಾಲ ಮೇಲಿತ್ತು.

ಆ ಪ್ರವಾಸದ ನಂತರ ಗೆಳತಿ ಅಲ್ಲಿನ ತಳದಲ್ಲಿ ಕ್ಯಾಮೆರಾ ಇಟ್ಟು ತೆಗೆದ ವಿಡಿಯೊಗಳನ್ನು ನನಗೆ ಕಳಿಸತೊಡಗಿದಳು. ಮೀನುಗಳನ್ನು ಗುರುತಿಸುವ ಕೆಲಸ ಈಗ ನನ್ನದು. ಸಂಜೆ ಭಾಲ್ಕಿಯಿಂದ ಬಂದು ಚಹಾ ಕುಡಿದು ಲ್ಯಾಪ್‌ಟಾಪ್ ತೆರೆಯುತ್ತೇನೆ. ಅವ್ವ ಸೊಪ್ಪು ಸೋಸುತ್ತ ನನ್ನ ಬಲಗಡೆ ಕೂರುತ್ತಾಳೆ. ಚಿಟ್ಟೆಮೀನು ಅವಳಿಗೆ ಈಗ ಥಟ್ಟನೆ ಗೊತ್ತಾಗುತ್ತದೆ. ಉಳಿದವನ್ನು ತಪ್ಪು ಹೇಳಿ ನನ್ನ ಜೊತೆ ವಾದಕ್ಕಿಳಿಯುತ್ತಾಳೆ.

ಹಳೆಯ ಕೆಲಸ ಮತ್ತೆ ಸಿಕ್ಕಿತು ಎಂಬ ಸಮಾಧಾನವಿದೆ. ಆದರೆ ಕ್ಯಾಮೆರಾ ಒಂದೇ ಕಡೆ ನೋಡುತ್ತದೆ. ಮೀನು ಪರದೆಯ ಅಂಚು ದಾಟಿ ಹೋದಾಗ ಅದರ ಹಿಂದೆ ನಾನು ಹೋಗಲಾರೆ. ಕುರ್ಚಿಯಲ್ಲಿ ಕೂತೇ ಕತ್ತು ವಾಲಿಸುತ್ತೇನೆ, ಇನ್ನೂ ಸ್ವಲ್ಪ ವಾಲಿದರೆ ಕಾಣುತ್ತದೇನೋ ಎಂಬಂತೆ. ಅವ್ವ ಅದನ್ನು ನೋಡುತ್ತಾಳೆ.

“ಮುಂದ ಹಚ್ಚು,” ಎನ್ನುತ್ತಾಳೆ. ನಾನು ಮುಂದಿನ ವಿಡಿಯೊ ಹಚ್ಚುತ್ತೇನೆ.